ನೂರಾ ಹದಿನೆಂಟು ಹೆಬ್ಬೆಟ್ಟು

ಮಾರ್ಚ್ 3, ಸೋಮವಾರ

ಸಂಜೆ ಏಳೂ ಕಾಲು. ಇವತ್ತು ಎರಡು ಜಿಪ್ ಬದಲಾಯಿಸಿದೆ, ಒಂದು ಪ್ಯಾಂಟಿನ ಕಾಲು ಮಡಿಚಿ ಹೊಲಿದೆ, ಒಂಬತ್ತು ಗುಂಡಿಗೆ ಕಾಜಾ ಮಾಡಿದೆ. ಅಕ್ಕ ಎಲ್ಲಿ ಎಂದು ಇಬ್ಬರು ಕೇಳಿದರು. ಒಬ್ಬರಿಗೆ ಹೇಳಿದೆ. ಇನ್ನೊಬ್ಬರಿಗೆ ಹೇಳಲು ಆಗಲಿಲ್ಲ, ಊಟಕ್ಕೆ ಹೋಗಿದ್ದಾಳೆ ಎಂದುಬಿಟ್ಟೆ. ಅವರು "ಸರಿ, ಕಾಯ್ತೀನಿ" ಎಂದು ಸ್ಟೂಲಿನ ಮೇಲೆ ಕೂತರು. ಆಮೇಲೆ ಪಕ್ಕದ ಬೀಗ ರಿಪೇರಿ ಅಂಗಡಿಯ ಬೀಗದಣ್ಣ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು.

ಅಕ್ಕ ಹೋಗಿ ನಲವತ್ತೊಂದು ದಿನವಾಯಿತು.

ಇದು ಅಳತೆ ಪುಸ್ತಕ. ಬರೆಯಲು ಬೇರೆ ಪುಸ್ತಕ ಮನೆಯಲ್ಲಿಲ್ಲ. ಪ್ರತಿ ಹಾಳೆಯ ತಲೆಯಲ್ಲಿ ಎದೆ, ಸೊಂಟ, ತೋಳು, ಉದ್ದ ಎಂದು ಗೆರೆ ಎಳೆದ ಮನೆಗಳು ಅಚ್ಚಾಗಿವೆ. ನನ್ನ ದಿನವನ್ನು ಯಾವ ಮನೆಯಲ್ಲಿ ಬರೆಯಬೇಕೋ ತಿಳಿಯದೆ ಎಲ್ಲದರ ಮೇಲೂ ಬರೆಯುತ್ತಿದ್ದೇನೆ.

ಮಾರ್ಕೆಟ್ಟಿನ ಎರಡನೇ ಸಾಲಿನಲ್ಲಿ ನಮ್ಮದು. ಮುಂದೆ ಅಕ್ಕನ ಗುಂಡಿ, ದಾರ, ಸೂಜಿಯ ಅಂಗಡಿ; ಪರದೆಯ ಹಿಂದೆ ನನ್ನ ಮಷೀನು. ಮೂವತ್ತು ವರ್ಷ ಅವಳು ಬಾಯಿ, ನಾನು ಕೈ. ಈಗ ಪರದೆಯನ್ನು ಸರಿಸಿ ಮಷೀನು ಮುಂದಕ್ಕೆ ತಂದಿದ್ದೇನೆ. ಗಿರಾಕಿಗಳ ಮುಖ ನೋಡಬೇಕಾಗುತ್ತದೆ.

ಅಕ್ಕನ ಫೋನನ್ನು ದಿನಾ ಚಾರ್ಜಿಗೆ ಹಾಕುತ್ತೇನೆ. ನನ್ನದು ಗುಂಡಿ ಒತ್ತುವ ಹಳೇ ಫೋನು, ಮಾತಾಡಲು ಮಾತ್ರ. ಅವಳದು ದೊಡ್ಡದು. ಅದರೊಳಗೆ 'ಮಾರ್ಕೆಟ್ ಬಳಗ' ಎಂಬ ಗುಂಪಿದೆ, ಇನ್ನೂರಾ ಹನ್ನೆರಡು ಜನ. ಅಂಗಡಿ ಮುಚ್ಚಿದ ಮೇಲೆ ಊಟದ ಹೊತ್ತಿನ ತನಕ ಅದನ್ನೇ ನೋಡುತ್ತಾ ಕೂರುತ್ತೇನೆ. ಅಲ್ಲಿ ಯಾರಾದರೂ ಮಾತಾಡುತ್ತಲೇ ಇರುತ್ತಾರೆ. ಮನೆಯಲ್ಲಿ ಸದ್ದಿದ್ದ ಹಾಗೆ ಇರುತ್ತದೆ.

ಯಾರು ಏನು ಹಾಕಿದರೂ ಜನ ಅದರ ಕೆಳಗೆ ಹೆಬ್ಬೆಟ್ಟಿನ ಗುರುತು ಒತ್ತುತ್ತಾರೆ. ನಾನು ಏನನ್ನೂ ಒತ್ತುವುದಿಲ್ಲ. ಫೋನು ಅವಳ ಹೆಸರಲ್ಲಿದೆ. ಅವಳ ಹೆಸರಲ್ಲಿ ನಾನು ಹೆಬ್ಬೆಟ್ಟು ಒತ್ತಿದರೆ ತಪ್ಪಾಗುತ್ತದೆ.

ಮಾರ್ಚ್ 4, ಮಂಗಳವಾರ

ಏಳು ಗಂಟೆ. ನಾಲ್ಕು ಕಾಜಾ, ಒಂದು ಕಾಲರ್. ಯಾರೂ ಏನೂ ಕೇಳಲಿಲ್ಲ. ಫೋನು ನೋಡಿದೆ.

ಮಾರ್ಚ್ 7, ಶುಕ್ರವಾರ

ತಲೆನೋವು. ನೀರು ಕುಡಿಯದ್ದಕ್ಕೇ ಇರಬೇಕು.

ಮಾರ್ಕೆಟ್ಟಿನ ಹಿಂದೆ ಹೆಂಗಸರ ಶೌಚಾಲಯವಿದೆ. ಪೈಪು ಒಡೆದಿದೆ ಎಂದು ವಾರ್ಡ್ ಆಫೀಸಿನವರು ಬೀಗ ಹಾಕಿ ಎರಡು ವರ್ಷವಾಗುತ್ತಾ ಬಂತು. ಗಂಡಸರು ಲಾರಿ ನಿಲ್ಲುವ ಗೋಡೆಯ ಹಿಂದೆ ಹೋಗುತ್ತಾರೆ. ನಾವು ಎಲ್ಲಿಗೆ ಹೋಗುವುದು? ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ಬಾಯಿಗೆ ನೀರು ಹಾಕುವುದಿಲ್ಲ, ಅಷ್ಟೇ.

ಅಕ್ಕ ಪ್ರತಿ ಸೋಮವಾರ ಆ ಬಾಗಿಲಿನ ಮುಂದೆ ನಿಂತು ಬೀಗದ ಫೋಟೋ ತೆಗೆದು ಗುಂಪಿಗೆ ಹಾಕುತ್ತಿದ್ದಳು. ಕೆಳಗೆ ಎಷ್ಟನೇ ದಿನ ಎಂದು ಬರೆಯುತ್ತಿದ್ದಳು. ಕೊನೆಯದು ಜನವರಿ ಆರರದ್ದು, 'ದಿನ 611'. ಅದಕ್ಕೆ ಅರವತ್ತನಾಲ್ಕು ಹೆಬ್ಬೆಟ್ಟು ಬಿದ್ದಿವೆ. ಮಾರನೆಯ ವಾರ ಅವಳು ಆಸ್ಪತ್ರೆಯಲ್ಲಿದ್ದಳು.

ಡಾಕ್ಟರು ಕೇಳಿದರು, "ನೀವು ನೀರು ಕುಡೀತಿರಲಿಲ್ವಾ ಅಮ್ಮ?"

"ಅಂಗಡಿ ಮುಚ್ಚಿದ ಮೇಲೆ ಕುಡೀತೀನಿ ಡಾಕ್ಟ್ರೇ" ಎಂದು ಅಕ್ಕ ನಕ್ಕಳು. ಡಾಕ್ಟರು ನಗಲಿಲ್ಲ. ಆಮೇಲೆ ಅವರು ಕಾರಣ ನಾಲ್ಕು ಹೇಳಿದರು. ನನಗೆ ನೆನಪಿರುವುದು ನೀರಿನದೊಂದೇ.

ಮಾರ್ಚ್ 10, ಸೋಮವಾರ

ಏಳೂವರೆ. ಇವತ್ತು ಒಂದು ಕೆಟ್ಟದ್ದಾಯಿತು, ಒಂದು ಒಳ್ಳೆಯದಾಯಿತು. ಕೆಟ್ಟದ್ದು ಮೊದಲು.

ಬೆಳಗ್ಗೆ ಶೌಚಾಲಯದ ಬಾಗಿಲಿಗೆ ಕಾಗದ ಅಂಟಿಸಿದ್ದರು. ಬೀಗದಣ್ಣ ಕನ್ನಡಕ ಹಣೆಗೇರಿಸಿ ಓದಿದರು. ಕಟ್ಟಡ ಬಳಕೆಯಲ್ಲಿಲ್ಲದ ಕಾರಣ ಗೋದಾಮಿಗೆ ಕೊಡುತ್ತಾರಂತೆ. ಬೇಡ ಎನ್ನುವವರು ಇಪ್ಪತ್ತೇಳನೇ ತಾರೀಕು ಸಂಜೆ ನಾಲ್ಕಕ್ಕೆ ವಾರ್ಡ್ ಸಭೆಗೆ ಖುದ್ದಾಗಿ ಬರಬೇಕಂತೆ. ನಲವತ್ತು ಜನಕ್ಕಿಂತ ಕಡಿಮೆ ಇದ್ದರೆ ಚರ್ಚೆಯೇ ಇಲ್ಲ, ಗೋದಾಮು ಖಾಯಂ.

"ಬೀಗ ಹಾಕಿದೋರೂ ಅವರೇ, ಬಳಕೇಲಿಲ್ಲ ಅನ್ನೋರೂ ಅವರೇ" ಎಂದರು ಬೀಗದಣ್ಣ. "ನನ್ನ ಬಾಯಿಗೆ ನೀನು ಹೊಲಿಗೆ ಹಾಕಿ, ಈ ಮನುಷ್ಯ ಯಾಕೋ ಊಟಾನೇ ಮಾಡಲ್ಲ ಅಂದ ಹಾಗಾಯ್ತು. ತಂಗೀ, ಈ ಬೀಗ ಇದೆಯಲ್ಲ, ಎರಡು ನಿಮಿಷದ ಕೆಲಸ ನಂಗೆ. ಎರಡೇ ನಿಮಿಷ. ಆದ್ರೆ ಕಾನೂನು ಅಂತ ಒಂದಿದೆ, ನೋಡು."

ಅವರು ಕಾಗದದ ಫೋಟೋ ತೆಗೆದು ಗುಂಪಿಗೆ ಹಾಕಿದರು. 'ಎಲ್ಲರೂ ಬರಬೇಕು' ಎಂದು ಬರೆದರು.

ಈಗ ಒಳ್ಳೆಯದು. ಸಂಜೆ ಫೋನು ತೆರೆದರೆ ಆ ಫೋಟೋದ ಕೆಳಗೆ ನೂರಾ ಹದಿನೆಂಟು ಹೆಬ್ಬೆಟ್ಟು! ಎರಡು ಸಲ ನೋಡಿದೆ. ನಲವತ್ತು ಸಾಕಾಗಿದ್ದ ಕಡೆ ನೂರಾ ಹದಿನೆಂಟು.

ನಮ್ಮಪ್ಪ ಮೂಟೆ ಹೊರುತ್ತಿದ್ದವರು, ಓದು ಬರಹ ಇಲ್ಲ. ಒಮ್ಮೆ ಯಾರದ್ದೋ ಕಾಗದಕ್ಕೆ ಸಾಕ್ಷಿ ಎಂದು ಹೆಬ್ಬೆಟ್ಟು ಒತ್ತಿದ್ದರು. ಸಾಕ್ಷಿ ಹೇಳಲು ಕರೆ ಬಂದ ದಿನ ಅವರ ಮೈ ಕೆಂಡದಂತೆ ಸುಡುತ್ತಿತ್ತು. ಅಮ್ಮ ಬೇಡ ಎಂದರೂ ಕಂಬಳಿ ಹೊದ್ದು ನಡೆದೇ ಹೋದರು. "ಸಹಿ ಮಾಡಿದೋರು ಇದು ನಂದಲ್ಲ ಅನ್ನಬಹುದು ಕಣೇ. ಹೆಬ್ಬೆಟ್ಟು ಒತ್ತಿದೋನು ಹಾಗನ್ನೋಕಾಗಲ್ಲ. ಬೆರಳು ಕೈಯಲ್ಲೇ ಇರತ್ತಲ್ಲ" ಎಂದಿದ್ದರು.

ಗುಂಪಿನವರು ಬೆಳಗಿನ ಹೂವಿನ ಫೋಟೋಗೂ ಒತ್ತುತ್ತಾರೆ. ಅದು ಹಾಜರಿ ಇರಬೇಕು, ಆಫೀಸುಗಳಲ್ಲಿ ಮಷೀನಿಗೆ ಬೆರಳು ಒತ್ತುವ ಹಾಗೆ. ಇದು ಸಾಕ್ಷಿ.

ಬಹಳ ದಿನದ ಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ.

ಮಾರ್ಚ್ 11, ಮಂಗಳವಾರ

ಎಂಟು ಗಂಟೆ. ಮಧ್ಯಾಹ್ನ ಅಂಗಡಿಯನ್ನು ಬೀಗದಣ್ಣನಿಗೆ ಒಪ್ಪಿಸಿ ವಾರ್ಡ್ ಆಫೀಸಿಗೆ ಹೋಗಿದ್ದೆ. ರಾತ್ರಿಯೆಲ್ಲ ಒಂದೇ ಚಿಂತೆ ಕಾಡಿತ್ತು. ಸಭೆ ನಡೆಯುವ ಕೋಣೆ ನಾನು ನೋಡಿದ್ದೇನೆ, ಐವತ್ತು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ನೂರಾ ಹದಿನೆಂಟು ಜನ ಎಲ್ಲಿ ಕೂರುತ್ತಾರೆ? ವಯಸ್ಸಾದವರು ಇರುತ್ತಾರೆ.

ಗುಮಾಸ್ತರು ತೆಳ್ಳಗಿನ ಮನುಷ್ಯ, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೆಮ್ಮುತ್ತಾ ಕೂತಿದ್ದರು. ಕುರ್ಚಿಯ ವಿಷಯ ಕೇಳಿದೆ.

"ನೂರಾ ಹದಿನೆಂಟಾ?" ಎಂದರು. "ಖಂಡಿತ ಬರ್ತಾರಾ? ಇಲ್ಲ ಸುಮ್ನೆ ಬಾಯಿಮಾತಾ?"

"ಬಾಯಿಮಾತಲ್ಲ ಸಾರ್. ಹೆಬ್ಬೆಟ್ಟು ಒತ್ತಿದಾರೆ."

ಅವರು ಪೆನ್ನು ಕೆಳಗಿಟ್ಟರು. "ನೂರಾ ಹದಿನೆಂಟು ಜನದ ಹೆಬ್ಬೆಟ್ಟು? ಈ ಕಾಲದಲ್ಲಿ? ಯಾರಮ್ಮ ಮನೆಮನೆಗೂ ಹೋಗಿ ಒತ್ತಿಸಿದ್ದು?"

"ಯಾರೂ ಒತ್ತಿಸಿಲ್ಲ. ಅವರವರೇ ಒತ್ತಿದಾರೆ. ಒಂದೇ ದಿನದಲ್ಲಿ."

ಗುಮಾಸ್ತರು ಎದ್ದು ಒಳಗೆ ಅಧಿಕಾರಿಯ ಹತ್ತಿರ ಹೋದರು. ಹೊರಗೆ ಬಂದವರೇ ದೊಡ್ಡ ರಿಜಿಸ್ಟರು ತೆಗೆದು 'ಹಾಜರಾಗುವವರು: 118, ಹೆಬ್ಬೆಟ್ಟು ಸಹಿತ' ಎಂದು ಬರೆದರು. ಸಭೆಯನ್ನು ಎದುರಿನ ದೊಡ್ಡ ಹಾಲ್‌ಗೆ ಬದಲಾಯಿಸಿದರು. ಕುರ್ಚಿ ಹೊರಗಿನಿಂದ ತರಿಸುತ್ತಾರಂತೆ. ಒಳ್ಳೆಯ ಜನ.

ಮಾರ್ಚ್ 13, ಗುರುವಾರ

ಆರು ಗಂಟೆ. ಅಂಗಡಿ ಬೇಗ ಮುಚ್ಚಿದೆ.

ಬೆಳಗ್ಗೆ ಬೀಗದಣ್ಣನಿಗೆ ದೊಡ್ಡ ಹಾಲ್‌ನ ಸುದ್ದಿ ಹೇಳಿದೆ. ಅವರು ಕೀ ಮೇಲೆ ಅರ ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬಂತು, ಕನ್ನಡಕ ತೆಗೆದರು, ಮತ್ತೆ ಹಾಕಿದರು, ಮತ್ತೆ ನಕ್ಕರು. ನಾನು ನಗದೇ ಇದ್ದುದನ್ನು ನೋಡಿ ನಿಲ್ಲಿಸಿದರು.

"ತಂಗೀ, ಅದು ಹೆಬ್ಬೆಟ್ಟಲ್ಲಮ್ಮ. ಅಂದ್ರೆ ಹೆಬ್ಬೆಟ್ಟೇ, ಆದ್ರೆ ಹೆಬ್ಬೆಟ್ಟಲ್ಲ. ಹೂಂ ಅಂತ ತಲೆ ಆಡಿಸ್ತೀವಲ್ಲ, ಹಾಗೆ. ನೋಡಿದೆ ಅಂತ. ಅಷ್ಟೇ."

"ನೀವೂ ಒತ್ತಿದೀರಿ."

"ನನ್ನದೇ ಫೋಟೋಗೆ ನಾನೇ ಒತ್ತಿದೀನಿ. ಬಸ್ಸಲ್ಲಿ ತೂಕಡಿಸ್ತಾ ಒತ್ಕೊಂಡ್ಬಿಟ್ಟಿದೆ."

"ಹಾಗಾದ್ರೆ ಎಷ್ಟು ಜನ ಬರ್ತಾರೆ?"

ಅವರು ಬೆರಳು ಎಣಿಸಿದರು. ಒಂದು ಕೈ ಸಾಕಾಯಿತು.

ಕಿವಿ ಇನ್ನೂ ಬಿಸಿಯಾಗಿದೆ. ಸರ್ಕಾರದ ರಿಜಿಸ್ಟರಿನಲ್ಲಿ ಬರೆಸಿ ಬಂದಿದ್ದೇನೆ. ನೂರಾ ಹದಿನೆಂಟು ಕುರ್ಚಿಯ ನಡುವೆ ಐದು ಜನ ಕೂತರೆ ಗೋದಾಮೂ ಆಗುತ್ತದೆ, ನಗೆಪಾಟಲೂ ಆಗುತ್ತದೆ. ಅಕ್ಕನ ಆರುನೂರಾ ಹನ್ನೊಂದು ದಿನ ನನ್ನಿಂದ ಹಾಳಾಯಿತು.

ಮಾರ್ಚ್ 15, ಶನಿವಾರ

ಏಳು ಗಂಟೆ. ಒಂದು ವಿಷಯ ಗೊತ್ತಾಯಿತು. ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟರೆ ಒತ್ತಿದವರ ಹೆಸರೆಲ್ಲ ಸಾಲಾಗಿ ಬರುತ್ತದೆ. ಕೂತು ನೂರಾ ಹದಿನೆಂಟನ್ನೂ ಈ ಪುಸ್ತಕದ ಹಿಂದಿನ ಹಾಳೆಗಳಿಗೆ ಇಳಿಸಿದೆ. ಕೈ ನೋಯುತ್ತಿದೆ. ಅರ್ಧ ಜನ ನನ್ನ ಗಿರಾಕಿಗಳೇ. ಕೆಲವರ ಹೆಸರಿಗಿಂತ ಸೊಂಟದ ಅಳತೆ ಬೇಗ ನೆನಪಾಯಿತು.

ಅವರು ಯಾವ ಅರ್ಥದಲ್ಲಾದರೂ ಒತ್ತಿರಲಿ. ಬೆರಳು ಅವರದೇ ತಾನೆ? ನಾಳೆ ಅಂಗಡಿ ರಜೆ. ಹೋಗಿ ಕೇಳುತ್ತೇನೆ.

ಮಾರ್ಚ್ 16, ಭಾನುವಾರ

ಏಳೂ ಮುಕ್ಕಾಲು. ಹದಿನಾಲ್ಕು ಮನೆ, ಮೂರು ಅಂಗಡಿ. ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಮೇಷ್ಟ್ರ ಮನೆ. ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷ. ಗುಂಪಿನಲ್ಲಿ ದಿನಾ ಸೂರ್ಯೋದಯದ ಫೋಟೋ ಹಾಕುವವರು ಅವರೇ. ಬಾಗಿಲಲ್ಲಿ ನಿಂತು ಏನು ಹೇಳಬೇಕೋ ತೋಚಲಿಲ್ಲ. ಪುಸ್ತಕ ತೆರೆದು ಅವರ ಹೆಸರು ತೋರಿಸಿದೆ.

"ಮೇಷ್ಟ್ರೇ, ನೀವು ಹೆಬ್ಬೆಟ್ಟು ಒತ್ತಿದೀರಿ. ಯಾವಾಗ ಬರಬೇಕು ಅಂತ ಹೇಳೋಕೆ ಬಂದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಯ್ಯೋ ಅಮ್ಮಾ, ನಾನು ಎಲ್ಲದಕ್ಕೂ ಒತ್ತುತ್ತೀನಿ. ಯಾರಿಗೂ ಬೇಜಾರಾಗಬಾರದಲ್ಲ."

"ಗೊತ್ತು ಮೇಷ್ಟ್ರೇ. ಅಕ್ಕ ಹೋದ ಸುದ್ದಿಗೂ ಒತ್ತಿದೀರಿ."

ನಾನು ಚುಚ್ಚಲು ಹೇಳಿದ್ದಲ್ಲ, ಇದ್ದದ್ದು ಹೇಳಿದೆ. ಮೇಷ್ಟ್ರ ಮುಖ ಸಣ್ಣಗಾಯಿತು. ಒಳಗಿನಿಂದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು.

"ಮೂವತ್ತು ವರ್ಷ ಮಕ್ಕಳಿಗೆ ಏನು ಪಾಠ ಹೇಳಿದ್ರಿ ನೀವು? ಹೆಬ್ಬೆಟ್ಟು ಒತ್ತಬೇಡಿ, ಸಹಿ ಕಲೀರಿ ಅಂತ. ಈಗ ನೋಡಿ, ದಿನಕ್ಕೆ ನೂರು ಸಲ ಹೆಬ್ಬೆಟ್ಟು ಒತ್ಕೊಂಡು ಕೂತಿರ್ತೀರಿ!"

ಮೇಷ್ಟ್ರು ಮೊದಲು ಸಿಟ್ಟಾದರು, ಆಮೇಲೆ ನಕ್ಕರು, ಆಮೇಲೆ ನನ್ನ ಪುಸ್ತಕ ಎಳೆದುಕೊಂಡರು. "ಕೊಡಮ್ಮ ಇಲ್ಲಿ. ಒತ್ತೋದೇ ಆದ್ರೆ ಸರಿಯಾಗಿ ಒತ್ತುತ್ತೀನಿ. ಶಾಯಿ ಇದೆಯಾ?"

ಶಾಯಿ ಎಲ್ಲಿಂದ ಬರಬೇಕು? ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ ಇತ್ತು. ಕೆರೆದು ಪುಡಿ ಮಾಡಿದೆ. ಅವರು ಹೆಬ್ಬೆರಳು ಒದ್ದೆ ಮಾಡಿ ಪುಡಿಯಲ್ಲಿ ಅದ್ದಿ ತಮ್ಮ ಹೆಸರಿನ ಎದುರು ಒತ್ತಿದರು. 'ಎದೆ' ಎಂದು ಅಚ್ಚಾಗಿದ್ದ ಮನೆಯಲ್ಲಿ ಸರಿಯಾಗಿ ಕೂತಿತು.

"ಈಗ ಬರದೇ ಇರೋ ಹಾಗಿಲ್ಲ" ಎಂದು ತಾವೇ ಹೇಳಿಕೊಂಡರು. ಅವರ ಹೆಂಡತಿಯೂ ಒತ್ತಿದರು. ಹೆಸರು ಪಟ್ಟಿಯಲ್ಲೇ ಇರಲಿಲ್ಲ, ಸೇರಿಸಿಕೊಂಡೆ.

ಆಮೇಲೆ 'ಸಿಡಿಲು'. ಗುಂಪಿನಲ್ಲಿ ಅವರ ಹೆಸರೇ ಅದು. ಎಲ್ಲ ಮಾತಿಗೂ ಬೆಂಕಿಯ ಗುರುತು ಹಾಕುತ್ತಾರೆ, 'ಆಫೀಸಿಗೆ ನುಗ್ಗಬೇಕು' ಎಂದು ವಾರಕ್ಕೆರಡು ಸಲ ಬರೆಯುತ್ತಾರೆ. ನಾನು ಹೆದರಿಕೊಂಡೇ ಹೋದೆ. ನೋಡಿದರೆ ಜೆರಾಕ್ಸ್ ಅಂಗಡಿಯ ಹುಡುಗಮುಖದ ಮನುಷ್ಯ, ನಲವತ್ತಾದರೂ ಮೀಸೆ ಸರಿಯಾಗಿ ಬಂದಿಲ್ಲ. ಹೋದ ವರ್ಷ ನಾನೇ ಅವರ ಎರಡು ಪ್ಯಾಂಟು ಸಡಿಲ ಮಾಡಿಕೊಟ್ಟಿದ್ದೆ.

"ಸಿಡಿಲು ನೀವಾ?"

"ಮೆಲ್ಲಗೆ ಅಕ್ಕಾ" ಎಂದು ಸುತ್ತ ನೋಡಿದರು. "ನಂಗೆ ಜನರ ಮುಂದೆ ಮಾತು ಬರಲ್ಲ. ನಾಲ್ಕು ಜನ ಕಂಡ್ರೆ ನಾಲಿಗೆ ಒಣಗತ್ತೆ. ಅದಕ್ಕೇ ಅಲ್ಲಿ ಬರೀತೀನಿ."

"ನಂಗೂ ಬರಲ್ಲ."

ಅವರು ಸ್ಟೂಲು ಎಳೆದುಕೊಟ್ಟರು, ಇಬ್ಬರೂ ಜೆರಾಕ್ಸ್ ಮಷೀನು ನೋಡುತ್ತಾ ಕೂತೆವು. ಬಹಳ ಹಿತವಾಗಿತ್ತು. ಹೊರಡುವಾಗ ಅವರೇ ಕೇಳಿ ಹೆಬ್ಬೆಟ್ಟು ಒತ್ತಿದರು. "ಬರ್ತೀನಿ. ಮಾತಾಡು ಅಂತ ಮಾತ್ರ ಅನ್ನಬೇಡಿ."

ಇವತ್ತಿಗೆ ಇಪ್ಪತ್ತೊಂದು ನೀಲಿ ಹೆಬ್ಬೆಟ್ಟು. ಪುಡಿ ಅಳಿಸಿಹೋಗದಂತೆ ಪ್ರತಿ ಹಾಳೆಯ ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸಿನ ತುಂಡು ಇಟ್ಟಿದ್ದೇನೆ.

ಮಾರ್ಚ್ 20, ಗುರುವಾರ

ಎಂಟು ಗಂಟೆ. ಗುಂಪಿನಲ್ಲಿ ಗಲಾಟೆ ಎದ್ದಿದೆ. ನಾನು ಮನೆಮನೆಗೆ ಬರುತ್ತಿದ್ದೇನೆ ಎಂಬ ಸುದ್ದಿ ಹರಡಿ, ಜನ ಹೆಬ್ಬೆಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾರೆ! ಹಾಗೂ ಮಾಡಬಹುದಂತೆ. ಅಪ್ಪನಿಗೆ ಇದನ್ನು ಹೇಳಿದ್ದರೆ ಕಂಬಳಿ ಕೊಡವಿ ನಗುತ್ತಿದ್ದರು. ನೂರಾ ಹದಿನೆಂಟು ಇದ್ದದ್ದು ಈಗ ಎಪ್ಪತ್ತೊಂದು. ಮೂರು ಜನ ಗುಂಪನ್ನೇ ಬಿಟ್ಟುಹೋದರು.

ನನ್ನ ಪುಸ್ತಕದಲ್ಲಿ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಮೂವತ್ತನಾಲ್ಕಾಯಿತು.

ಮಧ್ಯಾಹ್ನ ಮೊಟ್ಟೆ ಚಿಕ್ಕಮ್ಮನ ಹತ್ತಿರ ಹೋದೆ. ಮೂರನೇ ಸಾಲಿನಲ್ಲಿ ಮೊಟ್ಟೆ ಮಾರುವವರು, ಮಾರ್ಕೆಟ್ಟಿಗೆಲ್ಲ ಚಿಕ್ಕಮ್ಮ. ಮೊಟ್ಟೆಯ ರಾಶಿಯ ಹಿಂದಿನಿಂದಲೇ ಕೂಗಿದರು, "ಏನೇ, ಮೂಗಿ ಬಂದ್ಲು! ನಿಮ್ಮಕ್ಕ ಇದ್ದಾಗ ನಿನ್ನ ದನಿ ಹೆಣ್ಣೋ ಗಂಡೋ ಅಂತಾನೇ ಗೊತ್ತಿರಲಿಲ್ಲ."

"ಚಿಕ್ಕಮ್ಮ, ನೀವು ಹೆಬ್ಬೆಟ್ಟು—"

"ನಾನೆಲ್ಲಿ ಒತ್ತಿದೆ? ಫೋನು ಸೊಂಟದಲ್ಲಿ ಸಿಗಿಸ್ಕೊಂಡಿರ್ತೀನಿ. ಬಗ್ಗಿದಾಗ ತಾನೇ ಒತ್ಕೊಂಡಿರತ್ತೆ. ಹೊಟ್ಟೆ ಒತ್ತಿದ್ದು ಕಣೇ ಅದು, ಹೆಬ್ಬೆಟ್ಟಲ್ಲ."

ನಾನು ಹೆಸರು ಹೊಡೆದುಹಾಕಲು ಪೆನ್ಸಿಲು ತೆಗೆದೆ. ಅವರು ನನ್ನ ಕೈ ಹಿಡಿದುಕೊಂಡರು.

"ಹೊಟ್ಟೆ ಒತ್ತಿದ್ರೂ ನಂದೇ ಹೊಟ್ಟೆ ತಾನೆ. ಬರ್ತೀನಿ ಬರ್ಕೋ. ಇನ್ನೊಂದು ಮಾತು. ಫೋನೇ ಇಲ್ದಿರೋರು ಬರಬಹುದಾ? ಸೊಪ್ಪಿನೋರು, ಕಸ ಗುಡಿಸೋರು, ಮೀನಿನ ಸಾಲಿನೋರು? ಅವರೂ ಬೆಳಗ್ಗಿಂದ ಒಣಗಿಕೊಂಡೇ ಕೂತಿರ್ತಾರೆ."

ನನಗೆ ಇದು ಹೊಳೆದೇ ಇರಲಿಲ್ಲ. ಹತ್ತು ದಿನದಿಂದ ಫೋನಿನಲ್ಲಿರುವವರ ಹಿಂದೆಯೇ ಓಡುತ್ತಿದ್ದೆ.

ಮಾರ್ಚ್ 24, ಸೋಮವಾರ

ಏಳು ಗಂಟೆ. ಬೆಳಗ್ಗೆ ಶೌಚಾಲಯದ ಬಾಗಿಲಿಗೆ ಹೋಗಿ ಬೀಗದ ಫೋಟೋ ತೆಗೆದೆ. ಮೊದಲನೆಯದರಲ್ಲಿ ನನ್ನ ಬೆರಳು ಬಂತು, ಎರಡನೆಯದರಲ್ಲಿ ಚಪ್ಪಲಿ. ಮೂರನೆಯದು ಸರಿಯಾಯಿತು. 'ದಿನ 688. ಗುರುವಾರ ನಾಲ್ಕಕ್ಕೆ, ದೊಡ್ಡ ಹಾಲ್' ಎಂದು ಬರೆದು ಗುಂಪಿಗೆ ಕಳಿಸಿದೆ.

ಅದು ಅಕ್ಕನ ಹೆಸರಲ್ಲಿ, ಅಕ್ಕನ ಮುಖದ ಫೋಟೋದೊಂದಿಗೆ ಹೋಗುತ್ತದೆ ಎಂಬುದೇ ಮರೆತಿತ್ತು. ಬೀಗದಣ್ಣ ಅಂಗಡಿಯಿಂದ ಎದ್ದು ಓಡಿಬಂದರು. ಬರಿಗಾಲು.

"ತಂಗೀ! ಜೀವ ಬಾಯಿಗೆ ಬಂತಲ್ಲೇ! ನಾನು ಟೀ ಕುಡೀತಿದ್ದೆ, ಲೋಟ ಅಲ್ಲೇ ಬಿಟ್ಟೆ. ಕೆಳಗೆ ನಿನ್ನ ಹೆಸರು ಹಾಕಬಾರದಾ?"

ಇನ್ನೊಂದು ಸಾಲು ಬರೆದೆ: 'ಇದು ತಂಗಿ.'

ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಎಲ್ಲರಿಗೂ ಭಯವಾಗಿರಬೇಕು. ಆದರೆ ಸಂಜೆಯ ತನಕ ಒಬ್ಬೊಬ್ಬರೇ ಅಂಗಡಿಗೆ ಬಂದರು. ಗುಂಡಿ ಕೇಳುವ ನೆಪದಲ್ಲಿ ಬಂದರು, ದಾರ ಕೇಳುವ ನೆಪದಲ್ಲಿ ಬಂದರು. ಒಬ್ಬರು ಅಕ್ಕನ ನಗು ನೆನಪಿಸಿಕೊಂಡು ನಕ್ಕು ತೋರಿಸಿದರು, ಅಚ್ಚು ಹಾಗೇ ಇತ್ತು. ಹೋಗುವಾಗ ಬೆರಳು ನೀಲಿ ಮಾಡಿಕೊಂಡು ಹೋದರು. ಐವತ್ತೆರಡಾಯಿತು.

ಮಾರ್ಚ್ 27, ಗುರುವಾರ

ಎಂಟೂವರೆ. ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಮೂರೂವರೆಗೆ ಹೋದೆ. ಗುಮಾಸ್ತರು ನೂರಿಪ್ಪತ್ತು ಕುರ್ಚಿ ಹಾಕಿಸಿದ್ದರು, ಎರಡು ಹೆಚ್ಚಿಗೆ. ಎಲ್ಲ ಖಾಲಿ. ಬೀಗದಣ್ಣ, ಮೇಷ್ಟ್ರು, ಅವರ ಹೆಂಡತಿ, ನಾನು, ನಾಲ್ಕು ಜನ ಮುಂದಿನ ಸಾಲಿನಲ್ಲಿ ಕೂತೆವು. ಸಿಡಿಲು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತರು.

ಅಧಿಕಾರಿ ಬಂದರು. ಐವತ್ತರ ಹೆಂಗಸು, ಬಿಗಿಯಾದ ಮುಖ. ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟು ಕುರ್ಚಿಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಐದು ನಿಮಿಷ ಇರುವಾಗ ಜನ ಬರತೊಡಗಿದರು. ಒಬ್ಬರು ಹಿಟ್ಟಿನ ಕೈಯಲ್ಲೇ ಬಂದರು. ಒಬ್ಬರು ತಕ್ಕಡಿ ಹಿಡಿದು ಬಂದರು, ಬಿಟ್ಟುಬಂದರೆ ಯಾರಾದರೂ ಎತ್ತುತ್ತಾರಂತೆ. ಗೋಡೆ ಗಡಿಯಾರದಲ್ಲಿ ನಾಲ್ಕಾಯಿತು.

"ಎಣಿಸಿ" ಎಂದರು ಅಧಿಕಾರಿ.

ಗುಮಾಸ್ತರು ಎದ್ದು ಬೆರಳು ತೋರಿಸುತ್ತಾ ಎಣಿಸಿದರು. ಮೂವತ್ತೈದು, ಮೂವತ್ತಾರು, ಮೂವತ್ತೇಳು. ಅಲ್ಲಿಗೆ ಮುಗಿಯಿತು. ಇನ್ನು ಜನವಿರಲಿಲ್ಲ. ಆಗ ಗುಮಾಸ್ತರಿಗೆ ಕೆಮ್ಮು ಬಂತು. ಬಗ್ಗಿ ಬಗ್ಗಿ ಕೆಮ್ಮಿದರು. "ಕ್ಷಮಿಸಿ ಮೇಡಂ, ಲೆಕ್ಕ ತಪ್ಪಿತು" ಎಂದು ಮೊದಲಿಂದ ಶುರುಮಾಡಿದರು. ಮೂವತ್ತೇಳಕ್ಕೆ ಬಂದಾಗ ಮತ್ತೆ ಕೆಮ್ಮು. ಮೂರನೇ ಸಲ ಹಿಂದಿನ ಸಾಲಿನಿಂದ ಎಣಿಸುತ್ತೇನೆ ಎಂದು ಹೊರಟು, ದಾರಿಯಲ್ಲಿ ಒಂದು ಕುರ್ಚಿಯ ಕಾಲು ಸರಿಯಿದೆಯೇ ಎಂದು ಅಲುಗಾಡಿಸಿ ನೋಡಿದರು. ಅಧಿಕಾರಿ ಏನೂ ಹೇಳಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತರು. ಅವರ ಬೆನ್ನು ಸ್ವಲ್ಪ ಅಲುಗುತ್ತಿತ್ತು, ನಗುತ್ತಿದ್ದರೋ ಏನೋ.

ಮೂವತ್ತೈದು, ಮೂವತ್ತಾರು ಎನ್ನುವಾಗ ಹೊರಗೆ ದನಿ ಕೇಳಿತು.

"ಎಲ್ಲೇ ಅದು ಹಾಲು? ಹಾಲ್ ಅಂದ್ರೆ ಹಾಲಿನ ಡೈರಿಗೆ ಕರ್ಕೊಂಡು ಹೋದ್ನಲ್ಲ ಆ ಆಟೋದೋನು!"

ಮೊಟ್ಟೆ ಚಿಕ್ಕಮ್ಮ. ಹಿಂದೆ ಹನ್ನೊಂದು ಹೆಂಗಸರು, ಸೊಪ್ಪಿನವರು, ಮೀನಿನವರು, ಪೊರಕೆಯನ್ನೂ ಜೊತೆಗೆ ತಂದವರು ಇಬ್ಬರು. ಹನ್ನೆರಡು ಜನ ಸೀದಾ ಮುಂದಿನ ಸಾಲಿಗೇ ಬಂದು ಕೂತರು.

ಗುಮಾಸ್ತರ ಕೆಮ್ಮು ಅಲ್ಲಿಗೇ ನಿಂತಿತು. "ನಲವತ್ತೊಂಬತ್ತು ಮೇಡಂ" ಎಂದು ಒಂದೇ ಉಸಿರಿಗೆ ಹೇಳಿ ರಿಜಿಸ್ಟರಿನಲ್ಲಿ ಬರೆದರು. ಯಾರೋ ಚಪ್ಪಾಳೆ ಹೊಡೆದರು.

"ಯಾರು ಮಾತಾಡ್ತೀರಿ?" ಎಂದರು ಅಧಿಕಾರಿ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಶ್ಚರ್ಯವೆಂದರೆ ಕಂಬದ ಹಿಂದಿನಿಂದ ಸಿಡಿಲು ಎದ್ದು ನಿಂತರು. ಕೈಯಲ್ಲಿ ಕಾಗದವಿತ್ತು. ಬಾಯಿ ತೆರೆದರು. "ಸ..." ಎಂದರು. ಮುಂದೆ ಬರಲಿಲ್ಲ. ನೋಡಲಾಗಲಿಲ್ಲ ನನಗೆ. ಎದ್ದು ಅವರ ಪಕ್ಕ ಹೋಗಿ ನಿಂತೆ. ನಾನೂ ಎರಡು ಮಾತು ಹೇಳಿದೆ. ಅಕ್ಕ ನೀರು ಕುಡಿಯುತ್ತಿರಲಿಲ್ಲ ಎಂದು ಹೇಳಿದೆ, ಸೋಮವಾರದ ಫೋಟೋಗಳ ವಿಷಯ ಹೇಳಿದೆ, ನೂರಾ ಹದಿನೆಂಟು ಎಂದು ಬರೆಸಿದ್ದು ನನ್ನ ತಪ್ಪು ತಿಳಿವಳಿಕೆ ಎಂದು ಹೇಳಿ ಈ ಪುಸ್ತಕ ತೋರಿಸಿದೆ.

ಆಮೇಲೆ ಕೇಳಿದೆ, "ಇಲ್ಲಿರೋ ಹೆಂಗಸರಲ್ಲಿ ಮಧ್ಯಾಹ್ನದಿಂದ ಒಂದು ಲೋಟ ನೀರು ಕುಡಿದೋರು ಕೈ ಎತ್ತಿ."

ಮೇಷ್ಟ್ರ ಹೆಂಡತಿ ಮಾತ್ರ ಎತ್ತಿದರು. "ನಾನು ಮನೇಲಿರೋಳಪ್ಪ" ಎಂದು ನಾಚಿಕೊಂಡು ಇಳಿಸಿದರು. ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. ತಮ್ಮ ಬಾಟಲಿಯನ್ನು ನೋಡುತ್ತಿದ್ದರು. ಅದೂ ತುಂಬಿಯೇ ಇತ್ತು.

ಗೋದಾಮು ರದ್ದು. ಹತ್ತು ದಿನದಲ್ಲಿ ರಿಪೇರಿ ಮಾಡಿಸಿ ತೆಗೆಯಬೇಕು ಎಂದು ಅವರು ಅಲ್ಲೇ ಬರೆಸಿದರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ನನ್ನ ಬೆನ್ನಿಗೆ ಗುದ್ದಿದರು, ಈಗಲೂ ನೋಯುತ್ತಿದೆ. ಸಿಡಿಲು ತಮ್ಮ ಕಾಗದವನ್ನು ನನಗೇ ಕೊಟ್ಟರು. ಅದರಲ್ಲಿ ಒಂದೂ ಬೆಂಕಿಯ ಗುರುತಿಲ್ಲ, ಒಳ್ಳೆಯ ಅಕ್ಷರ. ಬೀಗದಣ್ಣ ದಾರಿಯುದ್ದಕ್ಕೂ "ಎರಡು ಮಾತಂತೆ! ಹನ್ನೆರಡು ನಿಮಿಷ ಮಾತಾಡಿದ್ಲು, ನಾನು ಗಡಿಯಾರ ನೋಡಿದೀನಿ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಯಾವಾಗಲೂ ಹೆಚ್ಚು ಮಾಡಿ ಹೇಳುವ ಅಭ್ಯಾಸ.

ಏಪ್ರಿಲ್ 6, ಭಾನುವಾರ

ಆರೂ ಮುಕ್ಕಾಲು. ರಜೆಯಾದರೂ ಇವತ್ತು ಮಾರ್ಕೆಟ್ಟಿನಲ್ಲೇ ಇದ್ದೆ. ನಲ್ಲಿ ರಿಪೇರಿಯವರು ಶುಕ್ರವಾರವೇ ಹೊರಗಿನ ಪೈಪು ಸರಿಮಾಡಿದ್ದರು. ಒಡೆದದ್ದು ಒಂದು ಗೇಣು ಪೈಪು. ಒಂದೇ ಗೇಣು. ನಾನು ಟೇಪು ಹಿಡಿದು ಅಳೆದೆ, ಒಂಬತ್ತು ಇಂಚು.

ಒಳಗೆ ಹೋಗಲು ಬೀಗ ತೆಗೆಯಬೇಕಲ್ಲ. ಗುಮಾಸ್ತರು ಒಂದು ಚೀಲ ತುಂಬ ಕೀ ತಂದು ಸುರಿದರು. ಒಂದೂ ಹೊಂದಲಿಲ್ಲ. ಕಳೆದುಹೋಗಿದೆಯಂತೆ. ಬೀಗದಣ್ಣ ಶರ್ಟಿನ ತೋಳು ಮಡಿಚಿಕೊಂಡು ಮುಂದೆ ಬಂದರು. ಅವರ ಬದುಕಿನಲ್ಲಿ ಇಂಥ ದಿನ ಬಂದಿರಲಿಲ್ಲ. ಮೂವತ್ತು ಜನ ಸುತ್ತ ನಿಂತಿದ್ದರು.

ಇಪ್ಪತ್ತೈದು ನಿಮಿಷ ಬೇಕಾಯಿತು.

"ಎರಡು ನಿಮಿಷ ಅಂದಿದ್ದೆಯಲ್ಲೋ!" ಎಂದು ಚಿಕ್ಕಮ್ಮ ಕೂಗಿದಾಗಲೆಲ್ಲ ಅವರು, "ತುಕ್ಕು ಹಿಡಿದಿದೆ ಕಣಮ್ಮ, ತುಕ್ಕು! ಎರಡು ವರ್ಷದ ತುಕ್ಕು!" ಎನ್ನುತ್ತಿದ್ದರು. ಕಟಕ್ ಎಂದು ಬೀಗ ಬಿಟ್ಟಾಗ ಬೀಗದಣ್ಣನೇ ಎಲ್ಲರಿಗಿಂತ ಜೋರಾಗಿ ಕಿರುಚಿದರು.

ಒಳಗೆ ಜೇಡರ ಬಲೆ, ಒಂದು ಹಳೆಯ ಪೊರಕೆ, ಧೂಳು. ಹೆಂಗಸರೆಲ್ಲ ಸೇರಿ ತೊಳೆದೆವು. ಮೇಷ್ಟ್ರೂ ಬಕೆಟ್ ಎತ್ತಿದರು. ಅವರು ನಾಲ್ಕು ದಿನದಿಂದ ಸೂರ್ಯೋದಯ ಹಾಕಿಲ್ಲ ಎಂದು ಅವರ ಹೆಂಡತಿ ಹೇಳಿದರು. ನಾನು ಗಮನಿಸಿರಲಿಲ್ಲ.

ಹೊಸ ಬೀಗಕ್ಕೆ ಮೂರು ಕೀ. ಒಂದು ಆಫೀಸಿಗೆ, ಒಂದು ಚಿಕ್ಕಮ್ಮನಿಗೆ, ಒಂದು ನನಗೆ. ಬೆಳಗ್ಗೆ ತೆಗೆಯುವ ಕೆಲಸ ನನ್ನದೆಂದು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟರು, ನನ್ನನ್ನು ಕೇಳಲೂ ಇಲ್ಲ. ಅಕ್ಕನ ದೊಡ್ಡ ಗುಂಡಿಗಳ ಡಬ್ಬಿಯಲ್ಲಿ ಕೀ ಇಟ್ಟಿದ್ದೇನೆ. ಕೆಂಪು ಗುಂಡಿಯೊಂದನ್ನು ಅದಕ್ಕೆ ದಾರದಲ್ಲಿ ಕಟ್ಟಿದೆ, ಬೇಗ ಕಾಣಲೆಂದು.

ಮನೆಗೆ ಬಂದು ನಾಳೆಯ ಫೋಟೋಗೆಂದು ಅಕ್ಕನ ಫೋನು ತೆಗೆದರೆ ಅದು ಸತ್ತುಬಿದ್ದಿತ್ತು. ಚಾರ್ಜಿಗೆ ಹಾಕದೆ ಎಷ್ಟು ದಿನವಾಯಿತೋ ನೆನಪಿಲ್ಲ. ಈಗ ಹಾಕಿದೆ.

ನಾಳೆ ಸೋಮವಾರ. ಏಳಕ್ಕೆ ಬಾಗಿಲು ತೆಗೆಯಬೇಕು. ಬಾಟಲಿ ತುಂಬಿಸಿ ಚೀಲದ ಪಕ್ಕ ಇಟ್ಟಿದ್ದೇನೆ.